ನಮ್ಮ ಬೆರಳು, ಯಾರ ಅಪ್ಪಣೆ?

ಕನ್ನಡದ ತರುಣರೇ,

ಕಂಪ್ಯೂಟರಿನಲ್ಲಿ ಯಾವುದಾದರೂ ಕನ್ನಡ ಸುದ್ದಿಪುಟ ತೆರೆಯಿರಿ. ಮೌಸ್ ಪಕ್ಕಕ್ಕಿಟ್ಟು ಕೆಳಬಾಣದ ಕೀ ಒತ್ತುತ್ತ ಓದಿ. ಮೂರು ಪ್ಯಾರಾ ಮುಗಿಯುವಷ್ಟರಲ್ಲಿ ನಡುವೆ ಒಂದು ವಿಡಿಯೋ ಬರುತ್ತದೆ. ಏನಿದು ನೋಡೋಣವೆಂದು ಕ್ಲಿಕ್ ಮಾಡಿದಿರಿ, ನೋಡಿದಿರಿ, ಸಾಕೆನಿಸಿ ನಿಲ್ಲಿಸಿದಿರಿ. ಈಗ ಮತ್ತೆ ಕೆಳಬಾಣ ಒತ್ತಿ. ಪುಟ ಅಲ್ಲಾಡುವುದೇ ಇಲ್ಲ! ವಿಡಿಯೋದ ಸದ್ದು ಮಾತ್ರ ಇಳಿಯುತ್ತದೆ. ಸ್ಪೇಸ್ ಬಾರ್ ಒತ್ತಿದರೆ ಪುಟ ಮುಂದಕ್ಕೆ ಹೋಗಬೇಕು, ಹೋಗದು. ಸುಮ್ಮನಿದ್ದ ವಿಡಿಯೋ ಮತ್ತೆ ಅರಚಲು ಶುರು ಮಾಡುತ್ತದೆ.

ಬೆರಳು ನಮ್ಮದು, ಕೀಲಿಮಣೆ ನಮ್ಮ ದುಡ್ಡಿನದು, ಓದುತ್ತಿರುವುದು ನಮ್ಮ ಭಾಷೆ. ಆದರೆ ಅಪ್ಪಣೆ ಯಾರದು?

ಇದರ ಗುಟ್ಟು ದೊಡ್ಡದೇನಲ್ಲ. ಬ್ರೌಸರಿನಲ್ಲಿ ಒಂದು ಹೊತ್ತಿಗೆ ಒಂದೇ ಜಾಗಕ್ಕೆ ಕೀಲಿಮಣೆಯ ಹಿಡಿತ ಇರುತ್ತದೆ. ಅದಕ್ಕೆ ಫೋಕಸ್ ಎನ್ನುತ್ತಾರೆ. ಲೇಖನದ ನಡುವೆ ಕೂರಿಸಿದ ವಿಡಿಯೋ ಬಹುಮಟ್ಟಿಗೆ ಪುಟದೊಳಗಿನ ಇನ್ನೊಂದು ಪುಟ; ಅದಕ್ಕೆ ಐಫ್ರೇಮ್ ಎಂದು ಹೆಸರು. ಅದನ್ನು ಕ್ಲಿಕ್ ಮಾಡಿದ ಗಳಿಗೆಯಿಂದ ಫೋಕಸ್ ಅದರ ಪಾಲು. ಆಮೇಲೆ ನೀವು ಒತ್ತಿದ ಕೀ ಮೊದಲು ಅಲ್ಲಿಗೇ ಹೋಗುತ್ತದೆ. ಯೂಟ್ಯೂಬಿನ ಆಟಗಾರ ಮೇಲುಬಾಣ, ಕೆಳಬಾಣಗಳನ್ನು ಸದ್ದಿಗೆ, ಎಡ ಬಲ ಬಾಣಗಳನ್ನು ವಿಡಿಯೋ ಹಿಂದೆ ಮುಂದೆ ಓಡಿಸಲು, ಸ್ಪೇಸನ್ನು ನಿಲ್ಲಿಸಲು ಮತ್ತು ನಡೆಸಲು ಇಟ್ಟುಕೊಂಡಿದ್ದಾನೆ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸುವ ಎಫ್ ಕೀ ಅಲ್ಲಿ ವಿಡಿಯೋವನ್ನು ಪರದೆ ತುಂಬ ಹರಡುವ ಕೀ! ಜಗಲಿಯಲ್ಲಿ ಕೂರಲು ಜಾಗ ಕೊಟ್ಟವನಿಗೆ ಮನೆಯ ಬೀಗದ ಕೈಯನ್ನೂ ಕೊಟ್ಟಂತಾಯಿತು.

ಇದು ಹೊಸ ರೋಗವೂ ಅಲ್ಲ. ಫ್ಲ್ಯಾಶ್ ಕಾಲದಲ್ಲಿ ಇನ್ನೂ ಕೆಟ್ಟದಾಗಿತ್ತು. ಫ್ಲ್ಯಾಶ್ ಚಿತ್ರದ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಹೊಸ ಟ್ಯಾಬ್ ತೆರೆಯುವ ಕೀ ಕೂಡ ಕೆಲಸ ಮಾಡುತ್ತಿರಲಿಲ್ಲ. ಮೊಜಿಲ್ಲಾದವರ ದೂರಿನ ಪುಸ್ತಕದಲ್ಲಿ ಇದು 2001ರಲ್ಲೇ 78414ನೇ ನಂಬರಿನಲ್ಲಿ ದಾಖಲಾಯಿತು. ವರ್ಷಗಟ್ಟಲೆ ಜನ ಅಲ್ಲಿ ಗೋಳು ಹೇಳಿಕೊಂಡರು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ತಿಲಾಂಜಲಿ ಇಟ್ಟಿತು. ಫ್ಲ್ಯಾಶ್ ಸತ್ತಿತು, ಅದರ ಚಾಳಿ ಸಾಯಲಿಲ್ಲ.

"ಇಷ್ಟಕ್ಕೆಲ್ಲ ಒಂದು ಲೇಖನವೇ? ಮೌಸ್ ಹಿಡಿದು ಪುಟ ಎಳೆದರಾಯಿತಲ್ಲ" ಎನ್ನುವವರು ಇದ್ದಾರೆ. ಕಣ್ಣಿದ್ದವರಿಗೆ, ಕೈ ಗಟ್ಟಿ ಇದ್ದವರಿಗೆ ಆಯಿತು. ಜೀವನ್ ಬಿಮಾ ನಗರಕ್ಕೆ ಹೋಗಿ ಬನ್ನಿ. ಅಲ್ಲಿ ರಾಷ್ಟ್ರೀಯ ಅಂಧರ ಸಂಘದ ಕರ್ನಾಟಕ ಶಾಖೆ ಇದೆ. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಮೌಸಿನಿಂದ ಅಲ್ಲ, ಕೀಲಿಮಣೆಯಿಂದ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ನಂಬಿ ಓದುವವನಿಗೆ ಕೀಲಿಮಣೆಯೇ ಕಣ್ಣು. ಪುಟ ತೆರೆದೊಡನೆ ತಾನಾಗಿ ಬೊಬ್ಬೆ ಹಾಕುವ ವಿಡಿಯೋ ಆ ಓದುವ ದನಿಯನ್ನು ಮುಳುಗಿಸುತ್ತದೆ. ಒಳಗೆ ಹೋದ ಫೋಕಸ್ ಹೊರಗೆ ಬಾರದಿದ್ದರೆ ಆತನ ಓದು ಅಲ್ಲಿಗೇ ಮುಗಿಯಿತು. ಇದನ್ನು ಸಣ್ಣ ವಿಷಯ ಎನ್ನೋಣವೇ?

ನಾನು ಪ್ರೆಸ್ಸಿನವನು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಬೆಳಗಿನಿಂದ ಸಂಜೆಯವರೆಗೆ ಡಿಟಿಪಿ ಮಾಡುವವರ ಮಣಿಕಟ್ಟಿನ ನೋವು ಏನೆಂದು ಹತ್ತಿರದಿಂದ ಬಲ್ಲೆ. ಮೌಸ್ ಮುಟ್ಟದೆ ಕೆಲಸ ಮಾಡುವುದು ಅವರಿಗೆ ಶೋಕಿಯಲ್ಲ, ಕೈ ಉಳಿಸಿಕೊಳ್ಳುವ ದಾರಿ.

ಜಾಹೀರಾತಿಲ್ಲದೆ ಪತ್ರಿಕೆ ನಡೆಯದು ಎಂಬುದೂ ನನಗೆ ಗೊತ್ತು. ವಿಡಿಯೋದಿಂದ ಬರುವ ನಾಲ್ಕು ಕಾಸಿನಲ್ಲೇ ಎಷ್ಟೋ ಕನ್ನಡ ಸುದ್ದಿಪುಟಗಳು ಉಸಿರಾಡುತ್ತಿರಬಹುದು. ವಿಡಿಯೋ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ನಾವು ಅಚ್ಚು ಹಾಕುವ ಹಾಳೆಯಲ್ಲೂ ಅರ್ಧಪುಟ ಜಾಹೀರಾತು ಇರುತ್ತದೆ. ಅದು ಓದುಗನ ಕಣ್ಣು ಸೆಳೆಯುತ್ತದೆಯೇ ಹೊರತು ಪುಟ ತಿರುಗಿಸುವ ಕೈಯನ್ನು ಹಿಡಿದು ನಿಲ್ಲಿಸುವುದಿಲ್ಲ. ಅಚ್ಚಿಗೆ ಇರುವ ಈ ಮರ್ಯಾದೆ ಪರದೆಗೆ ಏಕಿಲ್ಲ?

ನಿಯಮ ಇಲ್ಲದೆ ಹೀಗಾಗಿದೆ ಎಂದುಕೊಳ್ಳಬೇಡಿ. ವೆಬ್‌ಗೆ ಕಟ್ಟಳೆ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲೇ ಬರೆದಿಟ್ಟಿದೆ: ಕೀಲಿಮಣೆಯಿಂದ ಒಳಹೊಕ್ಕ ಜಾಗದಿಂದ ಕೀಲಿಮಣೆಯಿಂದಲೇ ಹೊರಬರಲು ಆಗಬೇಕು, ತಾನಾಗಿ ಶುರುವಾಗುವ ಸದ್ದು ಮೂರು ಸೆಕೆಂಡು ಮೀರಿದರೆ ಅದನ್ನು ನಿಲ್ಲಿಸುವ ದಾರಿ ಇರಬೇಕು. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇನ್ನೂ ಮುಂದಕ್ಕೆ ಹೋಗಿ, ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಕಾಗದದ ಮೇಲೆ ಎಲ್ಲವೂ ಇದೆ. ಕೇಳುವವರು ಬೇಕು.

ಮದ್ದೂ ದುಬಾರಿಯಲ್ಲ. ಓದುಗರು ಸಿಕ್ಕಿಬಿದ್ದಾಗ ಪುಟದ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಲಿ, ಇಲ್ಲವೇ ವಿಡಿಯೋ ದಾಟುವ ತನಕ ಟ್ಯಾಬ್ ಕೀ ಒತ್ತಲಿ. ಪುಟ ಮತ್ತೆ ಕೈಗೆ ಬರುತ್ತದೆ. ಪುಟ ಕಟ್ಟುವವರು ಮಾಡಬೇಕಾದ್ದು ಮೂರೇ ಕೆಲಸ. ಮೊದಲಿಗೆ ವಿಡಿಯೋದ ಬದಲು ಅದರ ಚಿತ್ರವೊಂದನ್ನೇ ಇಟ್ಟು, ಓದುಗ ಬಯಸಿ ಒತ್ತಿದಾಗ ಮಾತ್ರ ವಿಡಿಯೋ ತರುವುದು. ಎರಡನೆಯದು, ತಾನಾಗಿ ಕೂಗುವುದನ್ನು ಬಂದ್ ಮಾಡುವುದು. ಮೂರನೆಯದು, ಮೌಸ್ ಬಿಚ್ಚಿಟ್ಟು ಬರೀ ಕೀಲಿಮಣೆಯಿಂದ ತಮ್ಮ ಪುಟವನ್ನು ತುದಿಯವರೆಗೆ ಒಮ್ಮೆ ಓದಿ ನೋಡುವುದು. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು.

ಇದನ್ನು ಯಾರಿಗೆ ಹೇಳುತ್ತಿದ್ದೇನೆ ಗೊತ್ತೇ? ನಿಮಗೇ! ಬಾಣಸವಾಡಿ, ಲಿಂಗರಾಜಪುರ, ಕಮ್ಮನಹಳ್ಳಿಯ ನಮ್ಮ ಹುಡುಗ ಹುಡುಗಿಯರು ಬೆಳಗಾದರೆ ನಾಗವಾರದ ಕಡೆಗೆ, ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಕಡೆಗೆ ಹೊರಡುತ್ತೀರಿ. ಜಗತ್ತಿನ ಜನ ಓದುವ ಪುಟಗಳ ಕೋಡು ನಿಮ್ಮ ಬೆರಳಿನಿಂದಲೇ ಹುಟ್ಟುತ್ತಿದೆ. ಈ ಗೋಡೆ ಕಟ್ಟುವವರಲ್ಲಿ ನಮ್ಮವರೂ ಇದ್ದೀರಿ ಎಂದಮೇಲೆ ಬಾಗಿಲು ಇಡುವವರೂ ನೀವೇ ಆಗಬೇಕು.

ನಮ್ಮ ಕ್ಷೇತ್ರ ಸರ್ವಜ್ಞನ ಹೆಸರು ಹೊತ್ತಿದೆ. ಆತ ಮೂರು ಸಾಲಿನಲ್ಲಿ ಮಾತು ಮುಗಿಸುತ್ತಿದ್ದ. ಇಂದಿನ ಪುಟ ಮೂರು ಸಾಲು ನೆಮ್ಮದಿಯಾಗಿ ಓದಲು ಬಿಡುತ್ತಿಲ್ಲ. ಬೋರ್ಡಿನ ಮೇಲೆ ಕನ್ನಡ ಬರಲಿ ಎಂದು ಬೀದಿಗಿಳಿದವರು ನಾವು. ಪರದೆಯ ಮೇಲೆ ಬಂದ ಕನ್ನಡವನ್ನು ಕುರುಡನೂ, ಕೈಲಾಗದವನೂ ಕೊನೆಯ ಸಾಲಿನವರೆಗೆ ಓದುವಂತಾಗಲಿ ಎಂದು ಕೇಳುವುದೂ ಅದೇ ಹೋರಾಟದ ಮುಂದಿನ ಹೆಜ್ಜೆ. ನೀವು ದಿನವೂ ಓದುವ ಕನ್ನಡ ಪುಟದ ಸಂಪಾದಕರಿಗೆ ಇವತ್ತೇ ನಾಲ್ಕು ಸಾಲು ಬರೆಯಿರಿ. ಕನ್ನಡದಲ್ಲೇ ಬರೆಯಿರಿ.