ಮೊದಲ ಬೈಕ್: ಬೆಲೆ ಇಳಿದಿದೆ, ಹೊಣೆ ಇಳಿದಿಲ್ಲ

ಕುಂದಾಪುರ: ದ್ವಿಚಕ್ರ ವಾಹನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಪರಿಷ್ಕರಣೆಗೊಂಡ ಬಳಿಕ ಮೊದಲ ಬಾರಿಗೆ ಬೈಕ್ ಕೊಳ್ಳಬಯಸುವವರ ಲೆಕ್ಕಾಚಾರ ಬದಲಾಗಿದೆ. 350 ಸಿಸಿವರೆಗಿನ ವಾಹನಗಳ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದರೆ, ಅದಕ್ಕಿಂತ ಹೆಚ್ಚಿನ ಸಾಮರ್ಥ್ಯದ ಬೈಕ್‌ಗಳ ಮೇಲೆ ಶೇ. 40 ತೆರಿಗೆ ಬಿದ್ದಿದೆ. ಆದರೆ ಅಗ್ಗವಾದ ಬೈಕು ತಕ್ಕ ಬೈಕು ಆಗಲೇಬೇಕೆಂದೇನೂ ಇಲ್ಲ. ಈ ವ್ಯತ್ಯಾಸ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಹೆಚ್ಚು ಮುಖ್ಯವಾಗುತ್ತದೆ.

ಕರಾವಳಿಯ ಸಾರಿಗೆ ಬಹುಮಟ್ಟಿಗೆ ಖಾಸಗಿ ಬಸ್‌ಗಳನ್ನೇ ಅವಲಂಬಿಸಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್‌ಗಳಿಗಷ್ಟೇ ಸೀಮಿತವಾದುದರಿಂದ ಅದರ ಲಾಭವೂ ಇಲ್ಲಿ ಸೀಮಿತ. ಸಂಜೆಯ ಕೊನೆಯ ಬಸ್ ತಪ್ಪಿದರೆ ಒಳನಾಡಿನ ಮನೆ ಸೇರುವುದೇ ಕಷ್ಟ. ಹೀಗಾಗಿ ಉದ್ಯೋಗಕ್ಕೆ ಸೇರಿದ ಯುವಕ ಯುವತಿಯರಿಗೆ ಬೈಕ್ ಇಲ್ಲಿ ಶೋಕಿಯಲ್ಲ, ಅನಿವಾರ್ಯತೆ. ಆಯ್ಕೆ ತಪ್ಪಿದರೆ ಸಾಲದ ಕಂತಿನ ಜತೆಗೆ ಜೀವಕ್ಕೂ ಕುತ್ತು.

ಬಿಲ್ಲಿನ ಒಳಗೇನಿದೆ?

ಷೋರೂಮ್‌ನ ಫಲಕದಲ್ಲಿ ಕಾಣುವ ಬೆಲೆಯೇ ಕೊನೆಯ ಬೆಲೆಯಲ್ಲ. ರಾಜ್ಯದಲ್ಲಿ 50 ಸಾವಿರದಿಂದ ಒಂದು ಲಕ್ಷ ರೂ.ವರೆಗಿನ ದ್ವಿಚಕ್ರ ವಾಹನಕ್ಕೆ ಶೇ. 12, ಅದನ್ನು ಮೀರಿದರೆ ಶೇ. 18 ಆಜೀವ ತೆರಿಗೆ. ಅದರ ಮೇಲೆ ಸೆಸ್ ಪ್ರತ್ಯೇಕ. ಮೂಲ ಬೆಲೆ 80,000 ರೂ. ಇರುವ ಬೈಕ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಳೆಯ ಜಿಎಸ್‌ಟಿ ದರದಲ್ಲಿ ಅದರ ಬೆಲೆ 1,02,400 ರೂ. ಆಗಿ, ಆಜೀವ ತೆರಿಗೆಯೇ 18,432 ರೂ. ಬೀಳುತ್ತಿತ್ತು. ಹೊಸ ದರದಲ್ಲಿ ಬೆಲೆ 94,400 ರೂ., ಆಜೀವ ತೆರಿಗೆ 11,328 ರೂ. ಒಟ್ಟು ಉಳಿತಾಯ 15 ಸಾವಿರ ರೂ. ದಾಟುತ್ತದೆ. ಒಂದು ಲಕ್ಷದ ಗೆರೆಯ ಆಚೀಚೆ ಇರುವ ಮಾದರಿಗಳನ್ನು ಹೋಲಿಸುವಾಗ ಈ ಅಂಶ ನೆನಪಿರಬೇಕು.

ಇನ್ನು ವಿಮೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಮೂರನೇ ವ್ಯಕ್ತಿ ವಿಮೆ ಕಡ್ಡಾಯವಾಗಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ ಈ ಐದು ವರ್ಷಗಳ ಕಂತು 75ರಿಂದ 150 ಸಿಸಿಯ ವಾಹನಕ್ಕೆ 3,851 ರೂ., 150ರಿಂದ 350 ಸಿಸಿಗೆ 7,365 ರೂ. ಅಂದರೆ 150ರ ಗೆರೆ ದಾಟಿದೊಡನೆ ಕಂತು ಹೆಚ್ಚುಕಡಿಮೆ ಇಮ್ಮಡಿ. ಸ್ವಂತ ವಾಹನಕ್ಕಾಗುವ ಹಾನಿಯ ವಿಮೆಯನ್ನು ಮಾತ್ರ ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಲು ಅವಕಾಶವಿದೆ.

ಸಾಲ ಮಾಡುವವರು 'ಫ್ಲ್ಯಾಟ್' ಬಡ್ಡಿ ಎಂಬ ಪದದ ಬಗ್ಗೆ ಎಚ್ಚರ ವಹಿಸಬೇಕು. 80,000 ರೂ. ಸಾಲಕ್ಕೆ ಶೇ. 10 ಫ್ಲ್ಯಾಟ್ ಬಡ್ಡಿಯಂತೆ ಮೂರು ವರ್ಷಕ್ಕೆ 24,000 ರೂ. ಬಡ್ಡಿಯಾಗಿ, ತಿಂಗಳ ಕಂತು ಸುಮಾರು 2,889 ರೂ. ಬರುತ್ತದೆ. ಅಸಲು ತೀರುತ್ತ ಬಂದರೂ ಮೊದಲ ದಿನದ ಮೊತ್ತಕ್ಕೇ ಬಡ್ಡಿ ಬೀಳುವುದರಿಂದ, ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಶೇ. 18ರ ಆಸುಪಾಸಿನ ಬಡ್ಡಿ. 'ಕಂತೆಷ್ಟು' ಎನ್ನುವುದಕ್ಕಿಂತ 'ಒಟ್ಟು ಕಟ್ಟುವುದೆಷ್ಟು' ಎಂದು ಕೇಳುವುದು ಜಾಣತನ.

ರಸ್ತೆಗೆ ತಕ್ಕ ವಾಹನ

ಮೂರೂ ತಾಲೂಕುಗಳನ್ನು ರಾಷ್ಟ್ರೀಯ ಹೆದ್ದಾರಿ 66 ಸೀಳಿಕೊಂಡು ಸಾಗುತ್ತದೆ. ಬ್ರಹ್ಮಾವರ, ಸಾಸ್ತಾನ, ಕೋಟ, ತೆಕ್ಕಟ್ಟೆ, ಕೋಟೇಶ್ವರ, ಹೆಮ್ಮಾಡಿ, ನಾವುಂದ ಹೀಗೆ ಹೆಜ್ಜೆ ಹೆಜ್ಜೆಗೂ ಒಳರಸ್ತೆಗಳು ಹೆದ್ದಾರಿಯನ್ನು ಕೂಡಿಕೊಳ್ಳುತ್ತವೆ. ಲಾರಿಗಳು, ಎಕ್ಸ್‌ಪ್ರೆಸ್ ಬಸ್‌ಗಳು ವೇಗವಾಗಿ ಧಾವಿಸುವಲ್ಲೇ ಹೊಸ ಸವಾರನೂ ನುಗ್ಗಬೇಕು. ದೂರದ ತಿರುವಿನವರೆಗೆ ಹೋಗಿ ಬರುವ ಬದಲು ವಿರುದ್ಧ ದಿಕ್ಕಿನಲ್ಲೇ ಸಾಗುವ ದುರಭ್ಯಾಸವೂ ಇಲ್ಲಿ ಕಾಣಸಿಗುತ್ತದೆ. ಇತ್ತ ಸಿದ್ದಾಪುರ, ಶಂಕರನಾರಾಯಣ, ಕೊಲ್ಲೂರು ಕಡೆಗೆ ಹೊರಟರೆ ಇಕ್ಕಟ್ಟಾದ ತಿರುವುಗಳು. ಮರವಂತೆಯಲ್ಲಿ ಕಡಲಿನ ಗಾಳಿ.

ಈ ಹಾದಿಗೆ ಮೊದಲು ಬೇಕಾದುದು ವೇಗವಲ್ಲ, ಹಿಡಿತ. ಹೀರೊ ಸ್ಪ್ಲೆಂಡರ್ ಪ್ಲಸ್‌ನ ತೂಕ 112 ಕಿಲೋ, ಆಸನದ ಎತ್ತರ 785 ಮಿ.ಮೀ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ತೂಕ 195 ಕಿಲೋ, ಎತ್ತರ 805 ಮಿ.ಮೀ. ಎತ್ತರದಲ್ಲಿ ಎರಡು ಸೆಂಟಿಮೀಟರ್ ಅಂತರ, ತೂಕದಲ್ಲಿ 83 ಕಿಲೋ! ಮಳೆಯಲ್ಲಿ ನೆನೆದ ಜಂಬಿಟ್ಟಿಗೆ ಮಣ್ಣಿನ ಇಳಿಜಾರಿನಲ್ಲಿ ನಿಲ್ಲಿಸಬೇಕಾದಾಗ ಈ ಅಂತರದ ಅರ್ಥ ತಿಳಿಯುತ್ತದೆ. ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಊರುವಂತಿರಬೇಕು, ಎಂಜಿನ್ ನಿಲ್ಲಿಸಿ ಹಿಂದಕ್ಕೆ ತಳ್ಳಲು ಸಾಧ್ಯವಾಗಬೇಕು. ಖರೀದಿಗೆ ಮುನ್ನ ಷೋರೂಮ್‌ನ ಅಂಗಳದಲ್ಲೇ ಈ ಎರಡು ಪರೀಕ್ಷೆ ಮಾಡಿ ನೋಡಬಹುದು.

ಬ್ರೇಕಿನ ವಿಚಾರದಲ್ಲಿ ರಾಜಿ ಸಲ್ಲದು. 2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ಹೆಚ್ಚಿನ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದರವರೆಗಿನವಕ್ಕೆ ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಗಳಿಗೆ ಹಿಡಿತ ಹಂಚುವ ಸಿಬಿಎಸ್ ಸಾಕೆಂದಾಯಿತು. ಗಾಬರಿಯಲ್ಲಿ ಬ್ರೇಕ್ ಅದುಮಿದಾಗ ಚಕ್ರ ಲಾಕ್ ಆಗಿ ಜಾರುವುದನ್ನು ತಡೆಯುವುದು ಎಬಿಎಸ್ ಮಾತ್ರ. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ ಸುರಿಯುವ ಜಿಲ್ಲೆಯಲ್ಲಿ ಮುಂಚಕ್ರಕ್ಕಾದರೂ ಅದಿರುವ ಮಾದರಿಯನ್ನು ಆರಿಸುವುದು ಒಳಿತು. ತೆರಿಗೆಯಲ್ಲಿ ಉಳಿದ ಹಣಕ್ಕೆ ಇದಕ್ಕಿಂತ ಉತ್ತಮ ವಿನಿಯೋಗವಿಲ್ಲ.

ಹಳೆಯದಾದರೆ ಉಪ್ಪುಗಾಳಿ ನೆನಪಿರಲಿ

ಬೆಂಗಳೂರು, ಮುಂಬೈಗಳಲ್ಲಿ ದುಡಿಯುವವರ ಮನೆಯಂಗಳದಲ್ಲಿ ತಿಂಗಳುಗಟ್ಟಲೆ ನಿಂತ ಬೈಕ್‌ಗಳು ಊರಿನಲ್ಲಿ ಮಾರಾಟಕ್ಕೆ ಬರುವುದುಂಟು. ಓಡಿದ ಕಿ.ಮೀ. ಕಡಿಮೆ ಎಂದ ಮಾತ್ರಕ್ಕೆ ಅವು ಸುಸ್ಥಿತಿಯಲ್ಲಿವೆ ಎಂದಲ್ಲ. ಕಡಲ ಗಾಳಿಯ ಉಪ್ಪು ಸೈಲೆನ್ಸರ್, ಚೈನ್, ರಿಮ್ ಮತ್ತು ಟ್ಯಾಂಕಿನ ತಳಭಾಗವನ್ನು ತಿನ್ನುತ್ತದೆ. ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಜತೆಗೆ ಕರೆದೊಯ್ಯುವುದು ಕ್ಷೇಮ.

ಕಾಗದಪತ್ರಗಳ ವಿಷಯದಲ್ಲಿಯೂ ಸಂಕೋಚ ಬೇಡ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35, ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಕೊಂಡವರು 30 ದಿನಗಳೊಳಗೆ ಆರ್‌ಟಿಒ ಕಚೇರಿಗೆ ವರದಿ ಸಲ್ಲಿಸಬೇಕೆಂಬುದು ಕಾನೂನು. 'ಆಮೇಲೆ ಮಾಡಿಸಿದರಾಯಿತು' ಎಂಬ ಉದಾಸೀನದಿಂದ ಅಪಘಾತವಾದಾಗ ಹಳೆಯ ಮಾಲೀಕರೂ ಹೊಸಬರೂ ಒಟ್ಟಿಗೆ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ.

ಬೈಕಿಗಿಂತ ಮೊದಲು ಪರವಾನಗಿ

ಗೇರ್ ಇರುವ ಬೈಕಿನ ಚಾಲನಾ ಪರವಾನಗಿಗೆ 18 ವರ್ಷ ತುಂಬಿರಬೇಕು. ಆರು ತಿಂಗಳ ಅವಧಿಯ ಎಲ್‌ಎಲ್‌ಆರ್ ಪಡೆದು 30 ದಿನ ಕಳೆದ ಬಳಿಕವಷ್ಟೇ ಪರೀಕ್ಷೆ. ಗೇರ್ ಇಲ್ಲದ ಸ್ಕೂಟರಿಗೆ ಮಾತ್ರ ಪಡೆದ ಪರವಾನಗಿಯಲ್ಲಿ ಗೇರ್ ಬೈಕ್ ಓಡಿಸುವಂತಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಪರವಾನಗಿಯಿಲ್ಲದ ಸವಾರನಿಂದ ಅಪಘಾತವಾದರೆ ವಿಮಾ ಕಂಪೆನಿಯು ಸಂತ್ರಸ್ತರಿಗೆ ಕೊಟ್ಟ ಪರಿಹಾರವನ್ನು ವಾಹನದ ಮಾಲೀಕರಿಂದಲೇ ವಸೂಲು ಮಾಡುವಂತೆ ನ್ಯಾಯಾಲಯ ಆದೇಶಿಸುವ ಸಾಧ್ಯತೆಯಿದೆ.

ಪಿಯುಸಿ ಮಕ್ಕಳ ಕೈಗೆ ಕೀಲಿ ಕೊಡುವ ಹೆತ್ತವರು 2019ರ ತಿದ್ದುಪಡಿಯ 199ಎ ಕಲಮನ್ನು ಓದಿಕೊಳ್ಳಬೇಕು. ಅಪ್ರಾಪ್ತರು ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25 ಸಾವಿರ ರೂ. ದಂಡ, 12 ತಿಂಗಳು ನೋಂದಣಿ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮೃತಪಟ್ಟವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029; ಅವರಲ್ಲಿ 14,337 ಮಂದಿ ಹಿಂಬದಿ ಸವಾರರು. ಹೊಸ ಬೈಕಿನೊಂದಿಗೆ ಬಿಐಎಸ್ ಗುಣಮಟ್ಟದ ಹೆಲ್ಮೆಟ್ ಒದಗಿಸಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಗ್ರಾಹಕರು ಅದನ್ನು ಕೇಳಿ ಪಡೆಯಬೇಕು. ಎರಡನೆಯ ಹೆಲ್ಮೆಟ್‌ಗೆ ಸ್ವಂತ ಹಣ ತೆಗೆದಿಡಬೇಕು.

ಮೊದಲ ಬೈಕು ಕೊನೆಯ ಬೈಕಾಗಬೇಕಿಲ್ಲ. ಹಗುರವಾದ, ಬ್ರೇಕ್ ಭದ್ರವಾದ ವಾಹನದಲ್ಲಿ ಎರಡು ಮಳೆಗಾಲ ಪಳಗಿದವನಿಗೆ ದೊಡ್ಡ ಬೈಕ್ ಎಂದೂ ದೂರವಲ್ಲ. ಸರಕಾರ ತೆರಿಗೆ ಇಳಿಸಬಹುದು, ಕಂಪೆನಿ ರಿಯಾಯಿತಿ ಕೊಡಬಹುದು. ಆದರೆ ಒಳರಸ್ತೆಯಿಂದ ಹೆದ್ದಾರಿಗೆ ಇಳಿಯುವ ಆ ಕ್ಷಣದಲ್ಲಿ ಸವಾರನನ್ನು ಕಾಯುವುದು ಆತ ಬೈಕ್ ಕೊಳ್ಳುವ ದಿನ ತೋರಿದ ವಿವೇಕವೇ.