ಮೊದಲು ಲೆಕ್ಕ ತೋರಿಸಲಿ, ಆಮೇಲೆ ವಿಶ್ವಾಸ ಕೇಳಲಿ

ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮವಿಟ್ಟು, ಕೆಲಸಗಾರರ ಕೈಗೆ ಸಿಹಿಯ ಪೊಟ್ಟಣ ಕೊಟ್ಟು, "ನಾವೆಲ್ಲ ಒಂದೇ ಮನೆಯವರು" ಎನ್ನುವುದು ನಮ್ಮ ಕಡೆಯ ಮಾಲೀಕರ ವಾಡಿಕೆ. ಮಾತೇನೋ ಚೆನ್ನಾಗಿದೆ. ಆದರೆ ಮರುವಾರ ಅದೇ ಮನೆಯವನು "ಸ್ವಾಮಿ, ಓಟಿ ಲೆಕ್ಕದಲ್ಲಿ ಎರಡು ದಿನ ಬಿಟ್ಟುಹೋಗಿದೆ" ಎಂದರೆ, "ಇಷ್ಟವಿದ್ದರೆ ಇರು, ಇಲ್ಲದಿದ್ದರೆ ನಡಿ" ಎಂಬ ಉತ್ತರ ಏತಕ್ಕೆ ಬರುತ್ತದೆ?

ವಿಶ್ವಾಸ ಭಾಷಣದಿಂದ ಹುಟ್ಟುವುದಿಲ್ಲ. ಸಂಬಳದ ಚೀಟಿಯಿಂದ ಹುಟ್ಟುತ್ತದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ನಡೆದುದನ್ನು ಮರೆಯುವಂತಿಲ್ಲ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ ಅಲ್ಪಕಾಲದಲ್ಲೇ ಕೆಲಸಗಾರರ ಸಂಖ್ಯೆಯನ್ನು 5,000ದಿಂದ 10,500ಕ್ಕೆ ಏರಿಸಿತ್ತು. ಪಾಳಿ ಹನ್ನೆರಡು ಗಂಟೆಯದಾಯಿತು. ಹಾಜರಿ ಮತ್ತು ಕೂಲಿಯ ಲೆಕ್ಕ ಮಾತ್ರ ಹದ ತಪ್ಪಿತು. ದೂರು ಹೇಳಿ ಬೇಸತ್ತವರ ಸಿಟ್ಟು ಒಂದು ಮುಂಜಾನೆ ಗಾಜಿನ ಮೇಲೆ, ಯಂತ್ರದ ಮೇಲೆ ಬಿತ್ತು. ಒಡೆದುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಒಂದು ವಾರದಲ್ಲೇ ಕಂಪನಿ ಏನು ಮಾಡಿತು? ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನೇ ತೆಗೆದುಹಾಕಿತು. ಆ ಒಪ್ಪಿಗೆ ನವೆಂಬರಿನಲ್ಲೇ ಬಂದಿದ್ದರೆ ಗಲಭೆಯೂ ಇಲ್ಲ, ಕೇಸುಗಳೂ ಇಲ್ಲ.

ನಮಗೆ ಇನ್ನೂ ಹತ್ತಿರದ್ದು ಶ್ರೀರಂಗಪಟ್ಟಣ. ಅದೇ ವರ್ಷದ ಜೂನಿನಲ್ಲಿ ಅಲ್ಲಿನ ಯೂರೋ ಕ್ಲಾತಿಂಗ್ ಸಿದ್ಧ ಉಡುಪು ಘಟಕ ಬಾಗಿಲು ಹಾಕಿ, ಸಾವಿರಕ್ಕೂ ಮೀರಿದ ಮಂದಿ, ಬಹುಪಾಲು ಹೆಂಗಸರು, ಕೆಲಸ ಕಳೆದುಕೊಂಡು ಧರಣಿ ಕೂತರು. ಕೊನೆಗೆ ಆಡಳಿತವರ್ಗ ಸಂಘದೊಡನೆ ಮಾತಿಗೆ ಕೂತು ಒಪ್ಪಂದ ಮಾಡಿಕೊಳ್ಳಲೇಬೇಕಾಯಿತು. ಕೊನೆಗೆ ಆಡಿದ ಮಾತನ್ನು ಮೊದಲೇ ಆಡಲು ಅಡ್ಡಿ ಏನಿತ್ತು?

ಕಾನೂನು ಈಗ ಏನು ಹೇಳುತ್ತದೆ? 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು. ಹತ್ತು ಮಂದಿಗೆ ಮೀರದಂತೆ ಎರಡೂ ಕಡೆಯವರು ಸಮಸಮ. ಅಧ್ಯಕ್ಷತೆ ವರ್ಷಕ್ಕೊಮ್ಮೆ ಸರದಿಯಲ್ಲಿ. ಹೆಂಗಸರಿಗೆ ತಕ್ಕ ಪಾಲು. ಕೆಲಸಗಾರ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪದಿದ್ದರೆ ಅದು ತೀರ್ಮಾನವೇ ಅಲ್ಲ. ಆದರೆ ಇದೇ ಸಂಹಿತೆ ಎಲ್ಲ ಕೈಗಾರಿಕೆಗಳಲ್ಲೂ ಮುಷ್ಕರಕ್ಕೆ 14 ದಿನದ ಮುನ್ಸೂಚನೆಯನ್ನು ಕಡ್ಡಾಯ ಮಾಡಿದೆ. ಮುಷ್ಕರದ ದಾರಿಯನ್ನು ಕಿರಿದು ಮಾಡಿದ ಮೇಲೆ ದೂರಿನ ಬಾಗಿಲನ್ನು ಅಗಲ ಮಾಡುವುದು ನ್ಯಾಯ. ಸಮಿತಿ ಕಾಗದದ ಮೇಲಷ್ಟೆ ಇದ್ದು, ಮ್ಯಾನೇಜರು ಆರಿಸಿದ ಹೌದಪ್ಪಗಳೇ ಅದರಲ್ಲಿ ಕೂತರೆ, ಅದು ಬಾಗಿಲಲ್ಲ, ಗೋಡೆಗೆ ಬರೆದ ಬಾಗಿಲಿನ ಚಿತ್ರ.

ಇನ್ನು ಇಪ್ಪತ್ತರ ಲೆಕ್ಕಕ್ಕೆ ಸಿಕ್ಕದವರ ಗತಿ? ಕೆ.ಆರ್. ನಗರದ ಅಕ್ಕಿ ಗಿರಣಿಯ ಹಮಾಲರು, ಹುಣಸೂರಿನ ಮರದ ಮಿಲ್ಲಿನವರು, ಪಿರಿಯಾಪಟ್ಟಣದಲ್ಲಿ ರಾತ್ರಿಯೆಲ್ಲ ಹೊಗೆಸೊಪ್ಪಿನ ಬ್ಯಾರನ್ನಿಗೆ ಉರಿ ಹಾಕುವವರು, ಎಚ್.ಡಿ. ಕೋಟೆಯಿಂದ ಮುಂಗಡ ಪಡೆದು ಕೂಲಿಗೆ ಹೋಗುವ ಹಾಡಿಯ ಜನ: ಇವರಲ್ಲಿ ಅನೇಕರಿಗೆ ಸಮಿತಿಯೂ ಇಲ್ಲ, ಚೀಟಿಯೂ ಇಲ್ಲ. ಮೇಸ್ತ್ರಿಯ ನೋಟುಪುಸ್ತಕವೇ ಶಾಸನ. ಇಂಥವರಿಗೆ ತಾಲ್ಲೂಕು ಮಟ್ಟದ ಸಂಘವೊಂದೇ ಆಸರೆ.

ಅಂಗಡಿಯ ಬಂಧುಗಳು ಇದು ತಮಗೆ ಸೇರದ ಜಗಳವೆಂದು ತಿಳಿಯಬಾರದು. ಗಿರಣಿಯಲ್ಲಿ ಬಟವಾಡೆ ನಿಂತ ವಾರ ನಿಮ್ಮ ಉದ್ರಿ ಪುಸ್ತಕದ ಪುಟ ತುಂಬುತ್ತದೆ, ಗಲ್ಲಾ ಪೆಟ್ಟಿಗೆ ಬರಿದಾಗುತ್ತದೆ. ನಿಮ್ಮಲ್ಲೂ ಒಬ್ಬಿಬ್ಬರು ಹುಡುಗರು ದುಡಿಯುತ್ತಾರೆ. ಅವರ ಲೆಕ್ಕವೂ ಅವರ ಕಣ್ಣೆದುರೇ ಆಗಲಿ.

ನಾವು ಕೇಳುವುದು ಇಷ್ಟೆ. ಹಾಜರಿ ಪುಸ್ತಕ ಎಲ್ಲರಿಗೂ ಕಾಣುವಂತಿರಲಿ. ಪ್ರತಿಯೊಬ್ಬನಿಗೂ ಕನ್ನಡದಲ್ಲಿ ಸಂಬಳದ ಚೀಟಿ ಸಿಗಲಿ. ವಾರಕ್ಕೊಂದು ಗಂಟೆ ಮ್ಯಾನೇಜರು ಕೂತು ದೂರು ಕೇಳಲಿ, ಉತ್ತರವನ್ನು ಬರೆದುಕೊಡಲಿ. ದೂರು ಹೇಳಿದವನನ್ನು ಮರುದಿನ ರಾತ್ರಿ ಪಾಳಿಗೆ ಎಸೆಯುವ ಚಾಳಿ ನಿಲ್ಲಲಿ. ಇದಕ್ಕೆ ಬಂಡವಾಳ ಬೇಡ, ಮನಸ್ಸು ಬೇಕು. ಮನಸ್ಸು ತಾನಾಗಿ ಬಾರದಿದ್ದರೆ ಅದನ್ನು ಬರಿಸುವ ಬಲ ಕೆಲಸಗಾರರ ಒಗ್ಗಟ್ಟಿಗಿದೆ.