ಕಾಲವೇ ಮದ್ದು ಎಂಬ ಸೋಮಾರಿ ಮಾತು

ಸಾವಿನ ಮನೆಯಲ್ಲಿ ಆಡಲು ನಮ್ಮ ಬಳಿ ಮೂರೇ ಮಾತುಗಳಿವೆ: 'ಧೈರ್ಯ ತಂದುಕೊಳ್ಳಿ', 'ಹಣೆಬರಹಕ್ಕೆ ಹೊಣೆ ಯಾರು', 'ಕಾಲವೇ ಮದ್ದು'. ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ಮೊದಲು ಕೊಚ್ಚಿಯಲ್ಲಿ, ಈಗ ತಿರುವನಂತಪುರದಲ್ಲಿ ನೆಲೆಸಿರುವ ನಾವೂ ಇವನ್ನು ಎಷ್ಟೋ ಮನೆಗಳಲ್ಲಿ ಆಡಿ ಹಿಂತಿರುಗಿದ್ದೇವೆ. ಮೂರರಲ್ಲಿ ಕೊನೆಯದು ತೀರಾ ಸೋಮಾರಿ ಮಾತು. ಮುರಿದ ಮೂಳೆಯೂ ಕಾಲಕ್ರಮದಲ್ಲಿ ಕೂಡುತ್ತದೆ. ನೆಟ್ಟಗೆ ಕೂಡಿಸುವವರಿಲ್ಲದಿದ್ದರೆ ಸೊಟ್ಟಗೆ ಕೂಡುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಹೋದ್ಯೋಗಿಯಾಗಿದ್ದ ಕನ್ನಡದ ಹೆಣ್ಣುಮಗಳೊಬ್ಬರು ಪತಿಯನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮರುವಾರವೇ ಕಚೇರಿಗೆ ಬಂದರು. ಕಡತಗಳು ಎಂದಿನಂತೆ ವಿಲೇವಾರಿಯಾದವು. 'ಎಷ್ಟು ಗಟ್ಟಿಗಿತ್ತಿ' ಎಂದು ನಾವು ಮೆಚ್ಚಿಕೊಂಡೆವು. ಎಂಟು ತಿಂಗಳಾದರೂ ಅವರು ಆ ರಸ್ತೆಯನ್ನು ತಪ್ಪಿಸಲು ಸುತ್ತುಬಳಸಿ ಬರುತ್ತಿದ್ದರೆಂಬುದಾಗಲಿ, ಆಂಬುಲೆನ್ಸ್ ಸದ್ದಿಗೆ ಅವರ ಕೈ ನಡುಗುತ್ತಿತ್ತೆಂಬುದಾಗಲಿ ನಮಗೆ ತಿಳಿಯಲಿಲ್ಲ. 'ಕರುಳು ಕಿವುಚಿದಂತಾಗುತ್ತದೆ' ಎಂಬುದನ್ನು ಅವರು ವೈದ್ಯರೊಬ್ಬರಿಗೆ ಇಂಗ್ಲಿಷಿನಲ್ಲಿ ಹೇಳಿದಾಗ ಹೊಟ್ಟೆಯ ಸ್ಕ್ಯಾನಿಂಗಿಗೆ ಚೀಟಿ ಸಿಕ್ಕಿತಂತೆ. ಕೊನೆಗೆ ಕೈಹಿಡಿದದ್ದು ಬೆಂಗಳೂರಿನ ಆಪ್ತಸಮಾಲೋಚಕಿಯೊಬ್ಬರು. ಫೋನಿನಲ್ಲಿ, ಕನ್ನಡದಲ್ಲಿ, ವಾರಕ್ಕೊಂದು ಗಂಟೆಯಂತೆ ಐದು ತಿಂಗಳು. ಆ ಒಂದು ದಿನದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಲು ಮೂರು ವಾರ ಹಿಡಿಯಿತಂತೆ. ಈಗ ಅವರು ಆ ರಸ್ತೆಯಲ್ಲೇ ಓಡಾಡುತ್ತಾರೆ. ಅಳು ಬಂದರೆ ಅಳುತ್ತಾರೆ.

ಇದನ್ನು ಹೇಳಿದರೆ ನಮ್ಮವರಿಂದಲೇ ಎರಡು ಆಕ್ಷೇಪಗಳು ಏಳುತ್ತವೆ. ಒಂದು, ಅದು ಹುಚ್ಚರಿಗಲ್ಲವೇ ಎಂಬುದು. ಜ್ವರ ಬಂದವರು ಔಷಧಿ ತೆಗೆದುಕೊಂಡರೆ ಕುಲಕ್ಕೆ ಕಳಂಕವಿಲ್ಲ. ಮನಸ್ಸಿಗೆ ಪೆಟ್ಟು ಬಿದ್ದವರು ಮಾತ್ರ ಬಾಗಿಲು ಹಾಕಿಕೊಂಡು ಅಳಬೇಕೆಂಬುದು ಯಾವ ನ್ಯಾಯ? ಇನ್ನೊಂದು, ಬಂಧುಬಳಗವಿರುವ ನಮಗೆ ಈ ಪಶ್ಚಿಮದ ಸರಕು ಏಕೆ ಎಂಬುದು. ಬಂಧುಬಳಗ ಊರಿನಲ್ಲಿದೆ, ನಾವು ಇಲ್ಲಿದ್ದೇವೆ. ಇನ್ನು ಸರಕಿನ ಮಾತು. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಮಕ್ಕಳು ಬಲಿಯಾದಾಗ, ಅವರನ್ನು ಕಳೆದುಕೊಂಡವರ ಶೋಕವನ್ನು ಅಧ್ಯಯನ ಮಾಡಿದ್ದು ನಮ್ಮ ನಿಮ್ಹಾನ್ಸ್. 2018ರ ಆಗಸ್ಟಿನ ಪ್ರವಾಹದಲ್ಲಿ ಕೊಚ್ಚಿಯ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿದಾಗ ಕೇರಳದ ಸಂತ್ರಸ್ತರ ಮನೋಸಾಮಾಜಿಕ ನೆರವಿಗೆ ಕೈಜೋಡಿಸಿದ್ದೂ ಅದೇ ಸಂಸ್ಥೆ. ಈ ವಿದ್ಯೆಗೆ ನಮ್ಮ ನೆಲದಲ್ಲೂ ಬೇರಿದೆ.

ಹಾಗೆಂದು ಪ್ರತಿಯೊಂದು ಶೋಕವೂ ರೋಗವೆಂದು ನಾವು ಹೇಳುತ್ತಿಲ್ಲ. ದುಃಖಿತರಲ್ಲಿ ಬಹುಪಾಲು ಮಂದಿ ಮನೆಯವರ ಆಸರೆಯಲ್ಲೇ ಮತ್ತೆ ಎದ್ದು ನಿಲ್ಲುತ್ತಾರೆ. ದುರಂತ ನಡೆದ ಮರುದಿನವೇ ಬಾಯಿ ಬಿಡಿಸಲು ಹೊರಡುವುದು ಸಲ್ಲದೆಂದು ತಜ್ಞರೇ ಎಚ್ಚರಿಸುತ್ತಾರೆ. ಆದರೆ ತಿಂಗಳುಗಳು ಕಳೆದರೂ ಅಗಲಿಕೆಯ ತೀವ್ರತೆ ತಗ್ಗದೆ ಬದುಕೇ ನಿಂತುಹೋಗುವ ಸ್ಥಿತಿಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಆವೃತ್ತಿ 2022ರಿಂದ ಅದನ್ನು ದೀರ್ಘಕಾಲಿಕ ಶೋಕವೆಂದು ಪ್ರತ್ಯೇಕವಾಗಿ ಗುರುತಿಸಿದೆ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಾವು ಓದಿದ ಟೆನಿಸನ್ 1833ರಲ್ಲಿ ಸತ್ತ ಗೆಳೆಯನಿಗಾಗಿ ಬರೆದ ಶೋಕಕಾವ್ಯ ಅಚ್ಚಾದದ್ದು 1850ರಲ್ಲಿ. ಅವನ ಹದಿನೇಳು ವರ್ಷಗಳನ್ನು ಪರೀಕ್ಷೆಯಲ್ಲಿ ಕೊಂಡಾಡಿದ ನಾವು ಪಕ್ಕದ ಮೇಜಿನವರಿಗೆ ಹದಿಮೂರು ದಿನವಷ್ಟೇ ಕೊಡುತ್ತೇವೆ!

ಇನ್ನು ಕಾಸರಗೋಡಿನ ಮಾತು. ಅಲ್ಲಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕನ್ನಡ ಬಲ್ಲ ಪಡ್ರೆ, ಎಣ್ಮಕಜೆಯ ಮನೆಗಳಲ್ಲಿ ಅದರ ನೋವು ಇಂದಿಗೂ ಮುಗಿದಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. 2019ರಲ್ಲೂ ತಾಯಂದಿರು ಮಕ್ಕಳೊಡನೆ ಬಂದು ಇಲ್ಲಿನ ಸೆಕ್ರೆಟರಿಯೇಟಿನ ಎದುರು ಧರಣಿ ಕೂರಬೇಕಾಯಿತು. ಪರಿಹಾರ ಕೊಡದೆ ಸಮಾಧಾನ ಹೇಳುವುದು ವಂಚನೆ. ಆದರೆ ಪರಿಹಾರದ ಚೆಕ್ಕಿಗೆ ಕಿವಿಯಿಲ್ಲ. ಮೂವತ್ತು ವರ್ಷದ ಮಗನನ್ನು ಇಂದಿಗೂ ಎತ್ತಿ ಸ್ನಾನ ಮಾಡಿಸುವ ತಾಯಿ, 'ನಾನು ಹೋದ ಮೇಲೆ ಇವನ ಗತಿ?' ಎಂಬ ಭಯವನ್ನು ಯಾರ ಬಳಿ, ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು? ಹಣವೂ ಬೇಕು, ಕಿವಿಯೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸಬಾರದು.

ಕಾನೂನು ನಮ್ಮ ಪರವಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಸರ್ಕಾರದ ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕು. ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮುನ್ನ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕು. ಕೇಂದ್ರದ ಟೆಲಿ ಮಾನಸ್ ಸಹಾಯವಾಣಿ, ಅಂದರೆ 14416, 2022ರ ಅಕ್ಟೋಬರಿನಿಂದ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತಿದೆ.

ನಮ್ಮ ಕನ್ನಡ ಬಳಗಗಳು ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುತ್ತವೆ. ವರ್ಷಕ್ಕೊಮ್ಮೆ ಕನ್ನಡದ ಆಪ್ತಸಮಾಲೋಚಕರನ್ನೂ ಕರೆಸಲಿ. ಸದಸ್ಯರ ದೂರವಾಣಿ ಪಟ್ಟಿಯ ಮೊದಲ ಸಾಲಿನಲ್ಲಿ ಆ ಐದು ಅಂಕಿಗಳಿರಲಿ. ಮುಂದಿನ ಸಲ ಸಾವಿನ ಮನೆಗೆ ಹೋದಾಗ ನಾವು ಆ ಮೂರು ಮಾತುಗಳನ್ನು ನುಂಗಿಕೊಂಡು ಸುಮ್ಮನೆ ಕೂರೋಣ. ಮೂರು ತಿಂಗಳ ಮೇಲೆ, ಎಲ್ಲರೂ ಮರೆತ ಹೊತ್ತಿನಲ್ಲಿ, ಮತ್ತೊಮ್ಮೆ ಹೋಗಿ 'ನಿದ್ದೆ ಬರುತ್ತಿದೆಯೇ?' ಎಂದು ಕೇಳೋಣ.